ಅರ್ಥ ತಿಳಿಯದೆ ಓದಿದ ಕಾಗದ

ಸುಧಾಮಣಿ ಹೊಸಮನಿ ನ್ಯೂಜೆರ್ಸಿಯ ವೆಸ್ಟ್ ವಿಂಡ್ಸರ್ ಲೈಬ್ರರಿಗೆ ಮೊದಲ ಸಲ ಬಂದದ್ದು ಪುಸ್ತಕ ಹುಡುಕಿಕೊಂಡು ಅಲ್ಲ. ಅವಳ ಅಪಾರ್ಟ್‌ಮೆಂಟಿನ ಹೀಟರ್ ಕೆಟ್ಟಿತ್ತು. ರಿಪೇರಿಯವನು ಸಂಜೆ ನಾಲ್ಕಕ್ಕೆ ಬರುತ್ತೇನೆ ಅಂದಿದ್ದ. ಗಂಡ ಬಸವ ಬೆಳಿಗ್ಗೆ ಆರೂಮುಕ್ಕಾಲರ ಟ್ರೈನ್ ಹಿಡಿದು ಕೆಲಸಕ್ಕೆ ಹೋಗಿ ಆಗಿತ್ತು. 1998ರ ಡಿಸೆಂಬರ್. ಮೈ ಬೆಚ್ಚಗಾದರೆ ಸಾಕು ಅಂತ ಒಳಗೆ ಬಂದು ಕೂತಳು.

ನಾನು ಆಗ ಆ ಲೈಬ್ರರಿಯಲ್ಲಿ ವಾರಕ್ಕೆ ನಾಲ್ಕು ದಿನ ಮುಂದಿನ ಡೆಸ್ಕಿನಲ್ಲಿ ಕೂರುತ್ತಿದ್ದೆ. ಮೂಲೆಯಲ್ಲಿ ಕೋಟು ಬಿಚ್ಚದೆ, ಅರ್ಥಶಾಸ್ತ್ರದ ದಪ್ಪ ಪತ್ರಿಕೆಯೊಂದನ್ನು ಹಿಡಿದು, ತುಟಿ ಅಲ್ಲಾಡಿಸುತ್ತ ಓದುತ್ತಿದ್ದ ಹೆಂಗಸನ್ನು ನೋಡಿದೆ. ಕೈಗವಸು ಕೆಳಗೆ ಬಿದ್ದಾಗ "ಅಯ್ಯ ನನ ಶಿವನ" ಅಂದಳು. ನನಗೆ ತಡೆಯಲಾಗಲಿಲ್ಲ.

"ಕನ್ನಡದವರಾ?"

ಅವಳು ಎದ್ದೇ ನಿಂತಳು. "ಹೌದ್ರಿ! ಗದಗಿನವ್ರು. ನೀವ್ರಿ?"

"ಮೈಸೂರು."

"ಇಲ್ಲಿಗೆ ಬಂದು ಏಳು ತಿಂಗಳಾತ್ರಿ. ಹಗಲಿನಾಗ ಒಬ್ರ ಕೂಡ ಕನ್ನಡ ಮಾತಾಡಿದ್ದು ಇವತ್ತ ಮೊದಲ."

ಅವತ್ತಿಂದ ನಾನು ಅವಳಿಗೆ ಅಕ್ಕಾರು ಆದೆ. ಅವಳಿಗೆ ಆಗ ಮೂವತ್ತಮೂರು. ಧಾರವಾಡದಲ್ಲಿ ಎಂ.ಎ. ಮಾಡಿ, ಗದಗಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಆರು ವರ್ಷ ಹಣ ಮತ್ತು ಬ್ಯಾಂಕಿಂಗ್ ಪಾಠ ಮಾಡಿದ್ದಳು. ಬಸವನಿಗೆ ವೈಟುಕೆ ಕಂಪ್ಯೂಟರ್ ಕೆಲಸದ ಮೇಲೆ ನ್ಯೂಜೆರ್ಸಿಗೆ ಬರುವ ಅವಕಾಶ ಸಿಕ್ಕಿದಾಗ ರಾಜೀನಾಮೆ ಕೊಟ್ಟು ಬಂದಳು. ಹೆಂಡತಿಯರಿಗೆ ಕೊಡುವ ಎಚ್-ಫೋರ್ ವೀಸಾದಲ್ಲಿ ಇಲ್ಲಿ ಏನೂ ಕೆಲಸ ಮಾಡುವಂತಿಲ್ಲ ಅಂತ ಗೊತ್ತಿತ್ತು. ಅದು ಹೇಗಿರುತ್ತೆ ಅಂತ ಗೊತ್ತಿರಲಿಲ್ಲ. "ಮುಂಜಾನೆ ಎದ್ದು ಇಬ್ಬರಿಗೂ ಡಬ್ಬಿ ಕಟ್ಟತೇನ್ರಿ, ಅಕ್ಕಾರ. ಅವ್ರು ಒಂದು ಒಯ್ತಾರ. ನನ್ನ ಡಬ್ಬಿ ನಾ ಸೋಫಾದ ಮ್ಯಾಲ ಕುಂತು ಉಣ್ತೇನಿ" ಅಂತ ಒಂದು ಸಲ ನಕ್ಕೊಂಡೇ ಹೇಳಿದಳು.

ನಾನು ಅವಳನ್ನು ಲೈಬ್ರರಿಗೆ ವಾಲಂಟಿಯರ್ ಮಾಡಿಸಿದೆ. ಸಂಬಳ ಇಲ್ಲದ ಕೆಲಸಕ್ಕೆ ವೀಸಾ ಅಡ್ಡ ಬರುವುದಿಲ್ಲ. ವಾಪಸ್ ಬಂದ ಪುಸ್ತಕಗಳನ್ನು ಕಪಾಟಿಗೆ ಸೇರಿಸುತ್ತಿದ್ದಳು. ಬೇಗ ಮುಗಿಸಿ ಬಂದು ಇನ್ನೇನಿದೆ ಅಂತ ನಿಲ್ಲುತ್ತಿದ್ದಳು.

ಮಾರ್ಚಿನಲ್ಲಿ ನೋಟೀಸು ಹಲಗೆಗೆ ಒಂದು ಚೀಟಿ ಬಂತು. ಕಣ್ಣು ಮಂಜಾದ ಹಿರಿಯರೊಬ್ಬರಿಗೆ ವಾರಕ್ಕೆ ಮೂರು ಮಧ್ಯಾಹ್ನ ಓದಿ ಹೇಳುವವರು, ಟೈಪ್ ಮಾಡಿಕೊಡುವವರು ಬೇಕು. ಬ್ಯಾಂಕಿಂಗ್ ಬಗ್ಗೆ ತಿಳಿದಿದ್ದರೆ ಒಳ್ಳೆಯದು. ಚೀಟಿ ತಂದವಳು ಲೀಸಾ ಅಂತ, ಫಿನ್ಲೆಂಡಿನವಳು, ಬ್ರಿಡ್ಜ್‌ವಾಟರ್‌ನಲ್ಲಿ ಔಷಧಿ ಕಂಪನಿಯೊಂದರಲ್ಲಿ ಕೆಲಸ. ದಿನಾ ಹೋಗಿ ಬರುವುದಕ್ಕೇ ಎರಡು ಗಂಟೆ ಡ್ರೈವ್ ಮಾಡುತ್ತಿದ್ದಳು. ತಂದೆ ಇಡೀ ದಿನ ಮನೆಯಲ್ಲಿ ಒಬ್ಬರೇ. ಆ ಚೀಟಿಯನ್ನು ಪಿನ್ನು ಹೊಡೆಯದೆ ನೇರವಾಗಿ ಸುಧಾಮಣಿಯ ಕೈಗೆ ಕೊಟ್ಟವಳು ನಾನು. ಆಮೇಲೆ ನಡೆದದ್ದರಲ್ಲಿ ನನ್ನ ಪಾಲೂ ಇದೆ ಅಂತ ಅದಕ್ಕೇ ಹೇಳುವುದು.

ಅವರ ಹೆಸರು ಅರ್ವೊ ಕೊರ್ಪೆಲಾ. ಎಪ್ಪತ್ತೆರಡು ವರ್ಷ, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಕಣ್ಣಿನ ನಡುಭಾಗ ಹೋಗಿತ್ತು. ಅಂಚಿನಲ್ಲಿ ಮಾತ್ರ ಏನೋ ಕಾಣುತ್ತಿತ್ತು. ಹಾಗಾಗಿ ಮಾತಾಡುವಾಗ ಮುಖ ಆಚೆ ತಿರುಗಿಸುತ್ತಿದ್ದರು. ಮೊದಲ ದಿನ ಸುಧಾಮಣಿ ಅದನ್ನು ಬೇಸರ ಅಂದುಕೊಂಡು ಎದ್ದು ಹೊರಡಲು ನೋಡಿದಳಂತೆ.

"ಕೂತುಕೊಳ್ಳಿ ಮಿಸೆಸ್ ಹೊಸಮನಿ. ನಾನು ನಿಮ್ಮನ್ನು ನೋಡುವುದಕ್ಕೇ ಹೀಗೆ ತಿರುಗಿದ್ದೇನೆ" ಅಂದರು. ಆಮೇಲೆ ಪರೀಕ್ಷೆ ಮಾಡುವವರ ಹಾಗೆ ಕೇಳಿದರು: "ನಾಣ್ಯದ ಅಪಮೌಲ್ಯ ಅಂದರೆ ಏನು, ನಿಮ್ಮ ವಿದ್ಯಾರ್ಥಿನಿಯರಿಗೆ ಹೇಗೆ ಹೇಳಿಕೊಡುತ್ತಿದ್ದಿರಿ?"

ಅವಳು ಹೇಳಿದಳು. ಬೇರೆ ದೇಶದ ಹಣದ ಎದುರು ನಮ್ಮ ಹಣದ ಬೆಲೆಯನ್ನು ಸರ್ಕಾರವೇ ಇಳಿಸುವುದು. ರಫ್ತಿಗೆ ಅನುಕೂಲ, ಆಮದು ದುಬಾರಿ. ಭಾರತದಲ್ಲಿ 1991ರ ಜುಲೈನಲ್ಲಿ ಮೂರು ದಿನದೊಳಗೆ ಎರಡು ಸಲ ಆಯಿತು.

"ನಮ್ಮಲ್ಲಿ ಅದೇ ವರ್ಷದ ನವೆಂಬರ್" ಅಂದರು ಅವರು. "ನಾನು ಆ ಮೇಜಿನ ಸುತ್ತ ಕೂತವರಲ್ಲಿ ಒಬ್ಬ."

ಅವರು ತಮ್ಮ ದೇಶದ ಪಾರ್ಲಿಮೆಂಟಿನಲ್ಲಿ ಹದಿನಾರು ವರ್ಷ ಇದ್ದರು. ಎರಡು ಸಲ ಮಂತ್ರಿ ಆಗಿದ್ದರು. ಆಮೇಲೆ ಕೇಂದ್ರ ಬ್ಯಾಂಕಿನ ಆಡಳಿತ ಮಂಡಳಿಗೆ ಹೋದರು. ಈಗ ತಮ್ಮ ಬದುಕಿನ ಕಥೆಯನ್ನು ಇಂಗ್ಲಿಷಿನಲ್ಲಿ ಬರೆಸಬೇಕು ಅಂತ ಹಂಬಲ. ಇಂಗ್ಲಿಷೇ ಯಾಕೆ ಅಂದರೆ ನ್ಯೂಜೆರ್ಸಿಯಲ್ಲಿ ಹುಟ್ಟಿದ ಮೊಮ್ಮಕ್ಕಳಿಗೆ ಫಿನ್ನಿಶ್ ಓದಲು ಬರುವುದಿಲ್ಲ.

ಸುಧಾಮಣಿ ಮನೆಯಿಂದ ಅವರ ಮನೆಗೆ ನಡೆದೇ ಹೋಗುತ್ತಿದ್ದಳು. ಫುಟ್‌ಪಾತ್ ಇಲ್ಲದ ರಸ್ತೆ, ಇಪ್ಪತ್ತೈದು ನಿಮಿಷ. ಕಾರು ನಿಲ್ಲಿಸಿ ಗಾಡಿ ಕೆಟ್ಟಿದೆಯಾ ಅಂತ ಜನ ಕೇಳುತ್ತಿದ್ದರು. ಕೊರ್ಪೆಲಾ ದುಡ್ಡು ಕೊಡಲು ಬಂದರೆ ವೀಸಾ ಕಥೆ ಹೇಳಿ ಬೇಡ ಅನ್ನುತ್ತಿದ್ದಳು. ಅವಳು ಖಡಕ್ ರೊಟ್ಟಿ ಒಯ್ದ ದಿನ ಅವರು ಮುರಿದು, ಮೂಸಿ, ಬೆಣ್ಣೆ ಹಚ್ಚಿ ಏಳು ತಿಂದರು. ಅವರ ಊರಲ್ಲೂ ಹೀಗೇ ಒಣ ರೊಟ್ಟಿ ಮಾಡಿ ತಿಂಗಳುಗಟ್ಟಲೆ ಇಡುತ್ತಾರಂತೆ.

ಒಂದು ತಿಂಗಳಾದ ಮೇಲೆ ಇನ್ನೊಂದು ವಿಷಯ ಶುರುವಾಯಿತು. ಅವರ ಊರಿನ ಫಿನ್ನಿಶ್ ಪತ್ರಿಕೆ ಅಂಚೆಯಲ್ಲಿ ವಾರ ತಡವಾಗಿ ಬರುತ್ತಿತ್ತು. ಕಟ್ಟು ಬಿಚ್ಚದೆ ಬಿದ್ದಿರುತ್ತಿತ್ತು. ಲೀಸಾ ಭಾನುವಾರ ತಲೆಬರಹ ಓದಿದರೆ ಹೆಚ್ಚು. ಸುಧಾಮಣಿ ಒಂದು ದಿನ ಸುಮ್ಮನೆ ಒಂದು ಸಾಲನ್ನು ಅಕ್ಷರ ಕೂಡಿಸಿ ಓದಿದಳು. ಕೊರ್ಪೆಲಾ ಕಾಫಿ ಲೋಟ ಕೆಳಗಿಟ್ಟು, "ಇನ್ನೊಂದು ಸಲ" ಅಂದರು.

"ಕನ್ನಡದ ಹಂಗ ಐತ್ರಿ ಅಕ್ಕಾರ!" ಅಂತ ನನ್ನ ಡೆಸ್ಕಿನ ಎದುರು ನಿಂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಬರದಂಗ ಓದೂದು. ಇಂಗ್ಲಿಷಿನಂಗ ಒಂದು ಬರದು ಇನ್ನೊಂದು ಅನ್ನೂದಿಲ್ಲ. ದೀರ್ಘ ಇದ್ರ ದೀರ್ಘ, ಒತ್ತಕ್ಷರ ಇದ್ರ ಒತ್ತಕ್ಷರ. ಮೊದಲನೇ ಅಕ್ಷರಕ್ಕ ಒತ್ತು. ಅವರಲ್ಲಿ ಅನ್ನ ಅಂದ್ರ 'ಕೊಡು' ಅಂತ್ರಿ. ಸಹ ಅಂದ್ರ ಗರಗಸ!"

"ಅರ್ಥ ಆಗುತ್ತಾ?"

"ಏನೂ ಇಲ್ಲ. ಅವರಿಗಿ ಆಗತೈತಲ್ಲ, ಸಾಕು."

ಮೇ ತಿಂಗಳ ಹೊತ್ತಿಗೆ ಪೂರ್ತಿ ಸಂಪಾದಕೀಯ ಓದುವಷ್ಟಾದಳು. ಅವಳ ಬಾಯಿಂದ ಬರುವುದು ತಮ್ಮ ಅಜ್ಜಿಯ ಕಡೆಯ ಪೂರ್ವದ ಜನರ ಉಚ್ಚಾರದ ಹಾಗಿದೆ ಅಂತ ಅವರು ಒಂದು ಸಲ ಹೇಳಿದರಂತೆ. ಆವತ್ತು ಅವಳು ರಸ್ತೆಯುದ್ದಕ್ಕೂ ಕಾರಿನವರನ್ನು ನೋಡಿ ನಗುತ್ತ ಮನೆಗೆ ಹೋದಳು. ಅವಳ ಅಮೆರಿಕದ ದಿನಗಳಲ್ಲಿ ಸುಖ ಅನ್ನಬಹುದಾದದ್ದು ಆ ಒಂದೂವರೆ ವರ್ಷ. ಬಸವನೂ ಆಗ ಹೊಸ ಕೆಲಸಕ್ಕೆ ಸೇರಿದ್ದ; ಹೋಬೋಕನ್‌ನಲ್ಲಿ ಇಂಟರ್‌ನೆಟ್ ಕಂಪನಿ, ಷೇರು ಕೊಡುತ್ತಾರೆ, ಎರಡು ವರ್ಷದಲ್ಲಿ ಮನೆ ಕೊಳ್ಳಬಹುದು ಅನ್ನುತ್ತಿದ್ದ. ಎಲ್ಲರೂ ಹಾಗೇ ಅನ್ನುತ್ತಿದ್ದ ಕಾಲ.

ಮಧ್ಯಾಹ್ನಗಳಲ್ಲಿ ಪುಸ್ತಕ ಬೆಳೆಯುತ್ತಿತ್ತು. ಟೈಪ್ ಮಾಡಿದ್ದನ್ನೆಲ್ಲ ಅವಳು ನನಗೆ ಹೇಳುತ್ತಿದ್ದಳು. ಹಾಗಾಗಿ ಆ ಮುದುಕರ ಬದುಕು ನನಗೂ ಗೊತ್ತು. ಹುಟ್ಟಿದ್ದು ರಷ್ಯಾದ ಗಡಿಯ ಹತ್ತಿರದ ಹಳ್ಳಿಯಲ್ಲಿ. ಹನ್ನೆರಡು ವರ್ಷದವರಿದ್ದಾಗ ಯುದ್ಧ ಬಂತು. ಊರಿಗೆ ಊರೇ ಎದ್ದು ಹೊರಟಿತು. ತಾಯಿ ಹಸುವಿನ ಹಗ್ಗ ಹಿಡಿದು ಮುಂದೆ, ಇವರು ತಂಗಿಯನ್ನು ಹಿಮದ ಮೇಲೆ ಸ್ಲೆಡ್ಜಿನಲ್ಲಿ ಎಳೆದುಕೊಂಡು ಹಿಂದೆ. ಯುದ್ಧ ಮುಗಿದಾಗ ಗಡಿ ಸರಿದು ಆ ಊರು ರಷ್ಯಾದ ಕಡೆಗೇ ಉಳಿದುಹೋಯಿತು. ದೇಶದ ನಡುಭಾಗದ ಒಂದು ಊರಿನಲ್ಲಿ ಮರ ಕೊಯ್ಯುವ ಮಿಲ್ಲಿನವರು ತಮ್ಮ ಮನೆಯ ಒಂದು ಕೋಣೆ ಬಿಟ್ಟುಕೊಟ್ಟರು. ಆ ಮನೆಯ ಮಗ ತೊಯ್ವೊ, ಇವರದೇ ವಯಸ್ಸು. ಚಳಿಗಾಲವೆಲ್ಲ ಇಬ್ಬರಿಗೂ ಒಂದೇ ಹಾಸಿಗೆ, ಒಂದೇ ಜೊತೆ ಸ್ಕೀ. ಒಬ್ಬರು ಹಿಮದಲ್ಲಿ ಜಾರಿ ಬರುವ ತನಕ ಇನ್ನೊಬ್ಬರು ಕಾಯುತ್ತಿದ್ದರು.

ತೊಯ್ವೊ ಮಿಲ್ಲು ನೋಡಿಕೊಂಡ. ಇವರು ಓದಿದರು. ಸ್ಕಾಲರ್‌ಶಿಪ್ಪು, ಯೂನಿವರ್ಸಿಟಿ, ಸಹಕಾರ ಸಂಘದ ಕೆಲಸ. ಮೂವತ್ತೆಂಟನೇ ವಯಸ್ಸಿಗೆ ಚುನಾವಣೆಗೆ ನಿಂತಾಗ ತೊಯ್ವೊ ಮಿಲ್ಲಿನ ಲಾರಿಯಲ್ಲಿ ಇವರನ್ನು ಕೂರಿಸಿಕೊಂಡು ಊರೂರು ಸುತ್ತಿದ. ಭಾಷಣ ಮಾಡಲು ಬಾರದ ಮನುಷ್ಯ. ಲಾರಿಯಿಂದ ಇಳಿದು, "ಇವನು ನಮ್ಮ ಮನೆಯಲ್ಲಿ ಬೆಳೆದವನು. ಸುಳ್ಳು ಹೇಳಿದ್ದು ನಾನು ಕೇಳಿಲ್ಲ" ಅಂತ ಇಷ್ಟೇ ಹೇಳುತ್ತಿದ್ದನಂತೆ. ಅಷ್ಟಕ್ಕೇ ಗೆದ್ದರು. ನಾಲ್ಕು ಸಲ ಗೆದ್ದರು. ಬ್ಯಾಂಕಿಗೆ ನೇಮಕ ಆದಾಗ ಪತ್ರಿಕೆಗಳು ಹೆಸರಿನ ಮೇಲೆ ತಮಾಷೆ ಮಾಡಿದವು. ಅವರ ಭಾಷೆಯಲ್ಲಿ ಅರ್ವೊ ಅಂದರೆ ಬೆಲೆ.

ಹದಿನಾಲ್ಕು ಅಧ್ಯಾಯ ಸರಾಗವಾಗಿ ಆಯಿತು. ಹದಿನೈದನೆಯದು 1991. ಅಲ್ಲಿ ಗಾಡಿ ನಿಂತಿತು.

ಆ ವರ್ಷ ಅವರ ದೇಶದ ಹಣವಾದ ಮಾರ್ಕಿನ ಮೇಲೆ ಯಾರಿಗೂ ನಂಬಿಕೆ ಉಳಿದಿರಲಿಲ್ಲ. ಮಾರ್ಕಿನ ಬೆಲೆ ಇಳಿಸುತ್ತಾರೆ ಅಂತ ಎಲ್ಲೆಡೆ ಗುಲ್ಲು. ಕಡಿಮೆ ಬಡ್ಡಿಗೆ ಸಿಗುತ್ತೆ ಅಂತ ತೊಯ್ವೊ ಹೊಸ ಯಂತ್ರಗಳಿಗೆ ಹೊರದೇಶದ ಹಣದಲ್ಲಿ ಸಾಲ ಎತ್ತಿದ್ದ. ಮಾರ್ಕಿನ ಬೆಲೆ ಇಳಿದರೆ ಸಾಲ ತಾನಾಗಿ ಏರುತ್ತಿತ್ತು. ಅವನು ಫೋನ್ ಮಾಡಿ ಕೇಳಿದ: "ಅರ್ವೊ, ಸಾಲವನ್ನು ನಮ್ಮ ಮಾರ್ಕಿಗೆ ಬದಲಾಯಿಸಿಕೊಳ್ಳಲಾ?" ಇವರು, "ನಾಳೆ ಟೀವಿ ನೋಡು" ಅಂದರು. ಮರುದಿನ ಟೀವಿಯಲ್ಲಿ ಕೂತು, ಮಾರ್ಕಿನ ಬೆಲೆ ಇಳಿಸುವುದಿಲ್ಲ, ಅದನ್ನು ನಂಬಿದವರಿಗೆ ಮೋಸ ಆಗುವುದಿಲ್ಲ ಅಂದರು. ತೊಯ್ವೊ ಸಾಲವನ್ನು ಹಾಗೇ ಬಿಟ್ಟ. ಆರು ದಿನಕ್ಕೆ ಬೆಲೆ ಇಳಿಸಿದರು. ಮುಂದಿನ ವರ್ಷ ಇನ್ನೂ ಬಿತ್ತು. ಮಿಲ್ಲು ಹರಾಜಾಯಿತು. 1993ರ ಮಾರ್ಚಿನಲ್ಲಿ ತೊಯ್ವೊ ಊರ ಕೆರೆಯ ತೆಳುವಾದ ಮಂಜುಗಡ್ಡೆಯ ಮೇಲೆ ನಡೆದುಕೊಂಡು ಹೋದ. ಮಂಜುಗಡ್ಡೆ ಕರಗಿದ ಮೇಲೆ, ಮೇ ತಿಂಗಳಲ್ಲಿ ಹೆಣ ಸಿಕ್ಕಿತು.

ಕೊರ್ಪೆಲಾ ಅಷ್ಟರಲ್ಲಿ ರಾಜೀನಾಮೆ ಕೊಟ್ಟಾಗಿತ್ತು. ಮಣ್ಣಿಗೆ ಹೋದರು, ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು ಬಂದರು. ತೊಯ್ವೊನ ಹೆಂಡತಿ ಐಲಿ ಬಂದು ಕೈ ಹಿಡಿದು, "ನಿನ್ನ ತಪ್ಪಲ್ಲ" ಅಂದಳಂತೆ.

ಇಷ್ಟನ್ನೂ ಅವರು ಸುಧಾಮಣಿಗೆ ಹೇಳಿದರು, ಆದರೆ ಬರೆಸಲಿಲ್ಲ. "ಆ ವಾರ ಮಾರ್ಕಿನ ಬೆಲೆ ನಿಲ್ಲುತ್ತದೆ ಅಂತ ನಾವೆಲ್ಲ ನಂಬಿದ್ದೆವು" ಅನ್ನುವ ಒಂದು ವಾಕ್ಯವನ್ನು ಟೈಪ್ ಮಾಡಿಸಿದರು. ಅಳಿಸು ಅಂದರು. ಮತ್ತೆ ಟೈಪ್ ಮಾಡಿಸಿದರು. ಮತ್ತೆ ಅಳಿಸು. ಎರಡು ತಿಂಗಳು ಇದೇ ಆಯಿತು.

2000ದ ಅಕ್ಟೋಬರಿನ ಒಂದು ಮಧ್ಯಾಹ್ನ ಅವರು ಕಂಪ್ಯೂಟರ್ ಬೇಡ, ಪೆನ್ನು ತಗೊಳ್ಳಿ ಅಂದರು. ಫಿನ್ನಿಶಿನಲ್ಲಿ ಕಾಗದ ಹೇಳಲು ಶುರು ಮಾಡಿದರು. ಅವಳು ಕೇಳಿದ ಹಾಗೆ ಬರೆದಳು. ಹೇಳಿದಂತೆ ಬರೆಯುವ ಭಾಷೆ, ಕಷ್ಟವಾಗಲಿಲ್ಲ. ಎಲ್ಲಿ ಅಕ್ಷರದ ಮೇಲೆ ಎರಡು ಚುಕ್ಕಿ ಬರುತ್ತೆ ಅಂತ ಮಾತ್ರ ಕೇಳಿಕೊಳ್ಳುತ್ತಿದ್ದಳು. ನಾಲ್ಕು ಪುಟ ಆಯಿತು. ಎರಡು ಸಲ ಓದಿಸಿಕೊಂಡರು. ಐಲಿಯ ವಿಳಾಸ ಹೇಳಿದರು.

"ಏನು ಬರೆಸಿದಿರಿ ಸರ್?" ಅಂತ ಅವಳು ಕೇಳಿದ್ದಕ್ಕೆ, "ಒಂಬತ್ತು ವರ್ಷ ತಡವಾದ ಕಾಗದ. ಲೀಸಾಗೆ ಹೇಳಬೇಡಿ. ತೊಯ್ವೊ ಅವಳಿಗೆ ಮಾವ ಇದ್ದ ಹಾಗೆ" ಅಂದರು.

ಪ್ರಿನ್ಸ್‌ಟನ್ ಜಂಕ್ಷನ್ನಿನ ಅಂಚೆ ಕಚೇರಿಯಲ್ಲಿ ಸ್ಟಾಂಪು ಅಂಟಿಸಿ ಹಾಕಿ, ಅವಳು ಲೈಬ್ರರಿಗೆ ಬಂದು ನನಗೆ ಹೇಳಿದಳು. "ಮಗಳಿಗಿ ಮುಚ್ಚಿಟ್ಟು ಬರದೇನಿ ಅಕ್ಕಾರ. ತಪ್ಪಾತೇನ್ರಿ?"

"ಎಷ್ಟು ದಿನದಿಂದ ಒದ್ದಾಡ್ತಿದ್ದಾರೆ ಪಾಪ. ಮನಸ್ಸು ಹಗುರಾಗುತ್ತೆ ಬಿಡು" ಅಂದೆ. ನಾನು ಹಾಗೆ ಅಂದೆ.

ಕಾಗದ ಹಾಕಿದ ಮೇಲೆ ಕೊರ್ಪೆಲಾ ಬೇರೆ ಮನುಷ್ಯರಾದರು. ಗಡ್ಡ ಮಾಡಿಕೊಂಡು ಕಾಯುತ್ತಿದ್ದರು. ಹದಿನೈದನೇ ಅಧ್ಯಾಯವನ್ನು ಹೊಸದಾಗಿ ಶುರು ಮಾಡೋಣ, ಉತ್ತರ ಬರಲಿ ಅಂದರು. ಇತ್ತ ಬಸವನ ಮುಖ ಸಣ್ಣದಾಗುತ್ತಿತ್ತು. ವರ್ಷದ ಮೊದಲಲ್ಲಿ ನೂರು ಡಾಲರ್ ದಾಟಿದ್ದ ಅವನ ಕಂಪನಿಯ ಷೇರು ನಾಲ್ಕಕ್ಕೆ ಬಂದಿತ್ತು. ಬೇಸಿಗೆಯಲ್ಲೇ ಸುಧಾಮಣಿ, ಷೇರು ಮಾರಿಬಿಡಲಾ ಅಂತ ಕೊರ್ಪೆಲಾ ಅವರನ್ನು ಕೇಳಿದ್ದಳು. "ಆ ಥರದ ಪ್ರಶ್ನೆಗೆ ನಾನು ಇನ್ನು ಯಾರಿಗೂ ಉತ್ತರ ಕೊಡುವುದಿಲ್ಲ" ಅಂದಿದ್ದರು. ಅವಳೂ ಒತ್ತಾಯ ಮಾಡಲಿಲ್ಲ.

ಉತ್ತರ ಬಂದದ್ದು ಜನವರಿ ಹದಿನೇಳು, ಬುಧವಾರ. ಹಿಂದಿನ ದಿನ ಹಿಮ ಬಿದ್ದು ಗಟ್ಟಿಯಾಗಿತ್ತು. ಸುಧಾಮಣಿಯೇ ಅಂಚೆ ಡಬ್ಬಿಯಿಂದ ತೆಗೆದುಕೊಂಡು ಒಳಗೆ ಹೋದಳು. ಫಿನ್ಲೆಂಡಿನ ಸ್ಟಾಂಪು ನೋಡಿ ಬಾಗಿಲಲ್ಲೇ, "ಸರ್, ಬಂತು!" ಅಂದಳು. ಅವರು ಎದ್ದು ನಿಂತರು. ಕೂದಲು ಸರಿ ಮಾಡಿಕೊಂಡರು. ಆಮೇಲೆ ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡು ಕೂತು, "ನಿಧಾನವಾಗಿ ಓದಿ" ಅಂದರು.

ಒಂದೇ ಹಾಳೆ, ಎರಡೂ ಬದಿ. ದುಂಡಗಿನ, ಶಾಲೆಯಲ್ಲಿ ಕಲಿತ ಹಾಗಿನ ಅಕ್ಷರ. ಓದಲು ಒಂದಿಷ್ಟೂ ತೊಡಕಿಲ್ಲ. ಸುಧಾಮಣಿ ಗಂಟಲು ಸರಿ ಮಾಡಿಕೊಂಡು ಶುರು ಮಾಡಿದಳು. ಅವರು ಕಲಿಸಿದ ಹಾಗೆ, ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು, ದೀರ್ಘವನ್ನು ಪೂರ್ತಿ ಎಳೆದು, ವಾಕ್ಯದ ಕೊನೆಯಲ್ಲಿ ದನಿ ಇಳಿಸಿ. ಹಾಳೆಯ ಮೇಲೇ ಕಣ್ಣಿಟ್ಟಿದ್ದಳು. ಅವರ ಮುಖ ನೋಡಲಿಲ್ಲ. ಅರ್ಧಕ್ಕೆ ಬಂದಾಗ ಅವರು ಏನೋ ಸದ್ದು ಮಾಡಿದರು. ತಪ್ಪು ಓದಿದೆನೇನೋ ಅಂತ ಆ ಸಾಲನ್ನು ಇನ್ನೊಮ್ಮೆ, ಇನ್ನೂ ಸ್ಪಷ್ಟವಾಗಿ ಓದಿದಳು.

"ಒಂದು ಅಕ್ಷರ ತಪ್ಪಲಿಲ್ರಿ ಅಕ್ಕಾರ" ಅಂತ ಆಮೇಲೆ ನನಗೆ ಎಷ್ಟು ಸಲ ಹೇಳಿದ್ದಾಳೋ. "ಅಷ್ಟ ಚಲೋ ನಾ ಯಾವತ್ತೂ ಓದಿದ್ದಿಲ್ಲ. ಓದಿ ಮುಗಿಸಿ, ಹ್ಯಾಂಗಾತು ಅಂತ ನಕ್ಕೋತ ಮುಖಾ ಎತ್ತಿ ನೋಡಿದ್ನಿ."

ಅವರು ಕಿಟಕಿಯ ಕಡೆ ನೇರವಾಗಿ ಮುಖ ಇಟ್ಟು ಕೂತಿದ್ದರು. ನೇರವಾಗಿ ಇಟ್ಟರೆ ಅವರಿಗೆ ಏನೂ ಕಾಣುವುದಿಲ್ಲ. ಮುಖ ತಿರುಗಿಸದೆಯೇ, "ಧನ್ಯವಾದ ಮಿಸೆಸ್ ಹೊಸಮನಿ. ಇವತ್ತಿಗೆ ಸಾಕು" ಅಂದರು. ಅವಳು ಏನು ಬರೆದಿದ್ದಾರೆ ಅಂತ ಕೇಳಲು ಬಾಯಿ ತೆರೆದಳು. ಅವರು ಕೈ ಎತ್ತಿ ತಡೆದರು.

ಶುಕ್ರವಾರ ಹೋದಳು. ಇವತ್ತು ಓದುವುದು ಬೇಡ ಅಂದರು. ಸೋಮವಾರವೂ ಹಾಗೇ. ಬುಧವಾರ ಬಾಗಿಲು ತೆಗೆದದ್ದು ಲೀಸಾ, ಆಫೀಸಿಗೆ ರಜೆ ಹಾಕಿದ್ದಳು. ಅಪ್ಪ ಐದು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಇನ್ನೂರ ಹನ್ನೆರಡು ಪುಟದ ಹಸ್ತಪ್ರತಿಯನ್ನೂ ಫ್ಲಾಪಿಗಳನ್ನೂ ಕಸದ ಚೀಲಕ್ಕೆ ತುಂಬಿಸಿ, ಮಂಗಳವಾರದ ಕಸದ ಗಾಡಿಗೆ ಇಡಿಸಿದ್ದಾರೆ. ಯಾಕೆ ಅಂತ ಕೇಳಿದರೆ ಮಾತಾಡುವುದಿಲ್ಲ. ಅವರ ಕೋಟಿನ ಜೇಬಿನಲ್ಲಿ ಲೀಸಾಗೆ ಐಲಿಯ ಕಾಗದ ಸಿಕ್ಕಿತ್ತು.

"ಇದನ್ನು ಅವರಿಗೆ ಓದಿದವರು ಯಾರು?" ಅಂತ ಲೀಸಾ ಕೇಳಿದಳು.

"ನಾನು."

"ಐಲಿಗೆ ಮೊದಲು ಬರೆದವರು?"

"ನಾನೇ. ಅವರು ಹೇಳಿದರು, ನಾನು ಬರೆದೆ. ಏನಿದೆ ಅಂತ ನನಗೆ ಗೊತ್ತಿಲ್ಲ."

ಲೀಸಾ ಅಡುಗೆಮನೆಯ ಮೇಜಿನ ಹತ್ತಿರ ನಿಂತುಕೊಂಡೇ ಕಾಗದವನ್ನು ಇಂಗ್ಲಿಷಿಗೆ ತಿರುಗಿಸಿ ಓದಿದಳು. ಕೂರು ಅಂತ ಹೇಳಲಿಲ್ಲ. ಸುಧಾಮಣಿಯ ಬೂಟಿನ ಹಿಮ ಕರಗಿ ನೆಲದ ಮೇಲೆ ನೀರಾಗುತ್ತಿತ್ತು. ಕಾಗದದಲ್ಲಿ ಇದ್ದದ್ದು ಸುಮಾರಾಗಿ ಹೀಗೆ.

ಅರ್ವೊ, ನಿನ್ನ ಕಾಗದ ಬಂತು. ತೊಯ್ವೊ ಆ ಟೀವಿ ಕಾರ್ಯಕ್ರಮ ನೋಡಿದನೇ ಅಂತ ಕೇಳಿದ್ದೀಯ. ನೋಡಿದ್ದಷ್ಟೇ ಅಲ್ಲ, ಕ್ಯಾಸೆಟ್ಟಿಗೆ ತುಂಬಿಕೊಂಡಿದ್ದ. ಮಿಲ್ಲು ಹೋದ ಮೇಲೆ ದಿನಾ ಅದನ್ನು ಹಾಕಿಕೊಂಡು ಕೂರುತ್ತಿದ್ದ. ಸಿಟ್ಟಿನಿಂದ ಅಲ್ಲ. 'ಅರ್ವೊನ ಮುಖ ನೋಡು ಐಲಿ, ಅವನಿಗೆ ಗೊತ್ತಿರಲಿಲ್ಲ, ಅವನೂ ನಮ್ಮ ಹಾಗೇ ನಂಬಿದ್ದ' ಅನ್ನುತ್ತಿದ್ದ. ಊರವರು ನಿನ್ನನ್ನು ಬೈದರೆ ಜಗಳಕ್ಕೆ ಹೋಗುತ್ತಿದ್ದ. ಅವನು ಹೋದ ಮೇಲೆ ನಾನೂ ಎಲ್ಲರಿಗೂ ಹಾಗೇ ಹೇಳುತ್ತ ಬಂದೆ. ಎಲ್ಲ ಹೋದರೂ ನಮಗೆ ಮೋಸ ಮಾಡಿದವರು ನಮ್ಮವರಲ್ಲ ಅನ್ನುವುದೊಂದು ನನಗೆ ಉಳಿದಿತ್ತು. ಈಗ ನೀನು ಬರೆದಿದ್ದೀಯ, ಬೆಲೆ ಇಳಿಸುವುದು ಅವನು ಫೋನ್ ಮಾಡಿದ ದಿನ ಬೆಳಿಗ್ಗೆಯೇ ನಿನಗೆ ಗೊತ್ತಿತ್ತು ಅಂತ. ಗೊತ್ತಿದ್ದೇ ಅವನಿಗೆ ಟೀವಿ ನೋಡು ಅಂದೆ ಅಂತ. ಕ್ಷಮಿಸು ಅಂತ ಕೇಳಿದ್ದೀಯ. ನಿನ್ನ ಮನಸ್ಸು ಹಗುರ ಮಾಡಿಕೊಳ್ಳಲು ಅದನ್ನೂ ನನ್ನಿಂದ ತೆಗೆದುಕೊಂಡೆ. ನಾನು ಒಬ್ಬಳೇ ಇದ್ದೇನೆ, ವಯಸ್ಸಾಗಿದೆ. ಇದನ್ನು ಇಟ್ಟುಕೊಂಡು ನಾನೇನು ಮಾಡಲಿ? ಪುಸ್ತಕದಲ್ಲಿ ಬರೆಯಬೇಡ. ನನಗೆ ಇನ್ನು ಬರೆಯಬೇಡ.

ಲೀಸಾ ಹಾಳೆ ಮಡಚಿದಳು. "ಗೊತ್ತಿದ್ದರೂ ಹೊರಗೆ ಹೇಳುವ ಹಾಗಿರಲಿಲ್ಲ. ಮುಂಚೆಯೇ ಹೇಳಿದರೆ ಆ ಕ್ಷಣವೇ ಇಡೀ ದೇಶ ಬ್ಯಾಂಕಿಗೆ ಓಡುತ್ತದೆ. ಆ ಕುರ್ಚಿಯಲ್ಲಿ ಕೂತ ಯಾರೇ ಆದರೂ ಟೀವಿಯಲ್ಲಿ ಅದನ್ನೇ ಹೇಳಬೇಕಿತ್ತು. ಆದರೆ ತೊಯ್ವೊಗೆ ಫೋನಿನಲ್ಲಿ ಏನೂ ಹೇಳದೆ ಇರಬಹುದಿತ್ತು" ಅಂದಳು. ಆಮೇಲೆ, "ನೀವು ನನಗೆ ಒಂದು ಮಾತು ಹೇಳಬಹುದಿತ್ತು. ನಾನು ಆ ಕಾಗದ ಹೋಗಲು ಬಿಡುತ್ತಿರಲಿಲ್ಲ" ಅಂದಳು. ದನಿ ಎತ್ತಲಿಲ್ಲ. ನಾಳೆಯಿಂದ ಬರುವುದು ಬೇಡ ಅಂದಳು.

ಒಳಗಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಕೊರ್ಪೆಲಾ ಮಂಚದ ಮೇಲೆ ಕೂತಿದ್ದರು. ಸುಧಾಮಣಿ ಬಾಗಿಲಲ್ಲಿ ನಿಂತು, "ಸರ್, ಹೋಗಿ ಬರ್ತೇನೆ" ಅಂದಳು. ಅವರು ಅವಳ ದನಿ ಕೇಳಿದ ಕೂಡಲೇ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು.

ಇದನ್ನು ಅವಳು ನನಗೆ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಕೂತು ಹೇಳಿದಳು. ಅಳಲಿಲ್ಲ. ಕೈಗವಸು ಹಾಕಿಕೊಳ್ಳುತ್ತ, ತೆಗೆಯುತ್ತ ಇದ್ದಳು. "ಆ ಸಾಲು ನಾ ಎರಡು ಸಲ ಓದಿದೆನಲ್ಲ ಅಕ್ಕಾರ, ಅದು ಯಾವ ಸಾಲು ಅಂತ ಆಕಿಗಿ ಕೇಳಬೇಕಂತ ಮಾಡಿದ್ನಿ. ಬಾಯಿ ಬರಲಿಲ್ಲ."

"ನಿನಗೆ ಗೊತ್ತಿರಲಿಲ್ಲ ಸುಧಾ. ನಿನ್ನದೇನು ತಪ್ಪು?"

"ತೊಯ್ವೊನ ಹೇಣ್ತಿನೂ ಅವರಿಗಿ ಹಂಗ ಅಂದಿದ್ಲು" ಅಂದಳು.

ಕೊರ್ಪೆಲಾ ಅವರನ್ನು ಫೆಬ್ರವರಿಯಲ್ಲಿ ಬ್ರಿಡ್ಜ್‌ವಾಟರ್ ಹತ್ತಿರದ ವೃದ್ಧರ ಆರೈಕೆ ಕೇಂದ್ರಕ್ಕೆ ಸೇರಿಸಿದರು. ಸುಧಾಮಣಿ ಒಂದು ಸಲ ಹೋದಳು. ನಾನೇ ಡ್ರೈವ್ ಮಾಡಿಕೊಂಡು ಹೋಗಿದ್ದೆ. ಅವರು ಯಾರನ್ನೂ ನೋಡುವುದಿಲ್ಲ ಅಂತ ಮುಂದಿನ ಕೌಂಟರಿನವರು ಹೇಳಿ ಕಳಿಸಿದರು. ತಂದಿದ್ದ ರೊಟ್ಟಿಯ ಪೊಟ್ಟಣ ಕೊಟ್ಟು ಬಂದೆವು. ವಾಪಸ್ ಬರುವಾಗ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗೋಣವಾ ಅಂದೆ. ಬ್ಯಾಡ್ರಿ ಅಂದಳು. ಏಪ್ರಿಲ್ ಎರಡನೇ ವಾರ ಅವರು ತೀರಿಕೊಂಡರು. ಲೀಸಾ ತಿಳಿಸಲಿಲ್ಲ. ಪೇಪರಿನಲ್ಲಿ ಆರು ಸಾಲು ಬಂದದ್ದನ್ನು ನಾನು ನೋಡಿದೆ: ಫಿನ್ಲೆಂಡಿನ ಮಾಜಿ ಮಂತ್ರಿ, ಬ್ಯಾಂಕರ್, ಮಗಳನ್ನೂ ಇಬ್ಬರು ಮೊಮ್ಮಕ್ಕಳನ್ನೂ ಅಗಲಿದ್ದಾರೆ.

ಜೂನಿನಲ್ಲಿ ಬಸವನ ಕಂಪನಿ ಮುಚ್ಚಿತು. ಬೆಳಿಗ್ಗೆ ಹೋದವನು ಮಧ್ಯಾಹ್ನದ ಟ್ರೈನಿನಲ್ಲಿ ರಟ್ಟಿನ ಪೆಟ್ಟಿಗೆ ಹಿಡಿದು ಬಂದ. ವೀಸಾ ಕೆಲಸಕ್ಕೆ ಕಟ್ಟಿದ್ದು. ಬೇಗ ಇನ್ನೊಂದು ಸಿಗದಿದ್ದರೆ ಹೊರಡಬೇಕು. ಏಳು ವಾರ ಅವನು ಫೋನ್ ಹಿಡಿದುಕೊಂಡೇ ಇದ್ದ. ಎಡಿಸನ್, ಜೆರ್ಸಿ ಸಿಟಿ, ಡಲ್ಲಾಸ್, ಎಲ್ಲ ಕಡೆಯೂ ಅವನಂಥವರೇ ಸಾಲುಗಟ್ಟಿದ್ದರು. "ಏನ್ ಮಾಡೂದ್ರಿ ಅಕ್ಕಾರ, ನಾವೊಬ್ಬರ ಅಲ್ಲ" ಅಂತ ನನಗೆ ಸಮಾಧಾನ ಹೇಳಿದ. ಸುಧಾಮಣಿ ಮಾತೇ ಕಡಿಮೆ ಮಾಡಿದ್ದಳು. ಆಗಸ್ಟ್ ಮೊದಲ ವಾರ ನೂವರ್ಕ್ ಏರ್‌ಪೋರ್ಟಿಗೆ ನಾನೇ ಬಿಟ್ಟು ಬಂದೆ. ನಾಲ್ಕು ಸೂಟ್‌ಕೇಸು. ಹೊರಡುವಾಗ ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಎತ್ತಿದರೆ ಹತ್ತಿಯ ಹಾಗೆ ಹಗುರವಾಗಿದ್ದಳು.

ಬಸವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಗದಗಿನ ಕಾಲೇಜಿನಲ್ಲಿ ಅವಳ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಪುಣೆಯ ಒಂದು ಕಾಲೇಜಿನವರು ಕರೆದರು. ಮೂರು ವಾರ ಹೋಗಿ ಬಿಟ್ಟುಬಿಟ್ಟಳು. ಕ್ಲಾಸಿನಲ್ಲಿ ನಿಂತು ಪುಸ್ತಕ ತೆರೆದರೆ ದನಿ ಹೊರಡುವುದಿಲ್ಲ ಅಂತ ಬಸವ ಹೇಳಿದ. ಡಾಕ್ಟರ ಹತ್ತಿರ ತೋರಿಸಿದ್ದಾನೆ. ಗಂಟಲಲ್ಲಿ ಏನೂ ಇಲ್ಲ ಅಂದರಂತೆ.

2003ರಲ್ಲಿ ಲೀಸಾ ಲೈಬ್ರರಿಗೆ ಬಂದಿದ್ದಳು, ಮನೆ ಮಾರಿ ಹೊರಟಿದ್ದಳು. ಅಪ್ಪ ಕೊನೆಯ ತನಕ ಓದಿಸಿಕೊಳ್ಳಲಿಲ್ಲ, ರೇಡಿಯೋ ಕೂಡ ಹಾಕಲು ಬಿಡಲಿಲ್ಲ, ಆ ಹೆಂಗಸು ತಂದ ರೊಟ್ಟಿಯನ್ನು ಮುಟ್ಟಲಿಲ್ಲ ಅಂದಳು. ಸಿಟ್ಟು ಇಳಿದಿತ್ತು. ಸುಮ್ಮನೆ ಹೇಳಿದಳು.

ಆ ದೀಪಾವಳಿಗೆ ನಾನು ಪುಣೆಗೆ ಫೋನ್ ಮಾಡಿದೆ. ಸುಧಾಮಣಿ ನನ್ನ ಮೊಣಕಾಲು ನೋವು ವಿಚಾರಿಸಿದಳು, ಲೈಬ್ರರಿ ವಿಚಾರಿಸಿದಳು. ಆಮೇಲೆ ಕೇಳಿದಳು:

"ಅಕ್ಕಾರ, ಕೊರ್ಪೆಲಾ ಸರ್ ಕಡಿಗೆ ನನ್ನ ಬಗ್ಗೆ ಏನರ ಅಂದಿದ್ರೇನ್ರಿ? ನಿಮಗ ಗೊತ್ತಾತೇನು?"

ಹೇಳಲು ಹಿತವಾದ ಮಾತುಗಳು ನನಗೆ ಬೇಕಾದಷ್ಟು ಹೊಳೆದವು. ನಿಜ ಏನು ಅನ್ನುವುದೂ ಗೊತ್ತಿತ್ತು. ಯಾವುದಕ್ಕೂ ಧೈರ್ಯ ಬರಲಿಲ್ಲ.

"ನನಗೆ ಗೊತ್ತಿಲ್ಲ ಕಣೆ" ಅಂದೆ.

"ಹೌದ್ರಿ" ಅಂದಳು. ಬಸವ ಊಟಕ್ಕೆ ಕರೆಯುವುದು ಕೇಳಿಸಿತು. ಅವಳು ಫೋನ್ ಇಡಲಿಲ್ಲ. ಅವಳ ಉಸಿರು ಕೇಳಿಸುತ್ತಿತ್ತು. ಕೊನೆಗೆ ನಾನೇ ಇಟ್ಟೆ.